ಇಂಜಿನ್ ಇದ್ದ ಜಾಗ

ಇಂಜಿನ್ ತೆಗೆದ ಮೇಲೆ ಜೀಪಿನ ಮೂತಿ ಮೇಲಕ್ಕೆದ್ದಿತ್ತು. ಇಷ್ಟು ವರ್ಷ ಹೊತ್ತ ಭಾರ ಇಳಿದದ್ದೇ ತಡ, ಮುಂದಿನ ಸ್ಪ್ರಿಂಗುಗಳು ಮೈಮುರಿದು ಎದ್ದು, ಅದು ವಾಸನೆ ಹಿಡಿದ ನಾಯಿಯ ಹಾಗೆ ಮೂಗೆತ್ತಿಕೊಂಡು ಅಡುಗೆಮನೆಯ ಕಿಟಕಿಯನ್ನೇ ನೋಡುತ್ತ ನಿಂತಿತ್ತು. ಕಿಟಕಿಯ ಒಳಗೆ ಅತ್ತೆ ಇದ್ದರು. ಅತ್ತೆಯೂ ಅದನ್ನೇ ನೋಡುತ್ತಿದ್ದರು.

"ಅಳಿಯಂದಿರೇ, ಇವತ್ತಾದ್ರೂ ಅದು ತನ್ನ ಜಾಗದಲ್ಲಿ ಕೂತ್ಕೊಳ್ಳುತ್ತಾ? ಇಲ್ಲ, ಅದೂ ನಿಮ್ಮ ಹಾಗೇನಾ?"

ಅಳಿಯ ಕೈಯ ಗ್ರೀಸು ಒರೆಸಿಕೊಂಡು ಮತ್ತೆ ಬಗ್ಗಿದ. ಶೆಡ್ಡಿನ ಕಬ್ಬಿಣದ ತೊಲೆಗೆ ಬಿಗಿದ ಚೈನ್ ಪುಲ್ಲಿಯಲ್ಲಿ ಇನ್ನೊಂದು ಇಂಜಿನ್ ತೂಗುತ್ತಿತ್ತು. ಗುಜರಿ ಅಂಗಡಿಗೆ ಹಳೆಯದನ್ನು ಕೊಟ್ಟು ಆರಿಸಿ ತಂದದ್ದು. ಅದನ್ನು ಇಳಿಸಿದರೆ ಗೇರ್‌ಬಾಕ್ಸಿನ ಬಾಯಿಗೆ ಸರಿಯಾಗಿ ಎದುರಾಗುತ್ತಿತ್ತು, ಬೋಲ್ಟಿನ ತೂತಿಗೆ ತೂತು ಹೊಂದುತ್ತಿತ್ತು, ಇನ್ನೇನು ಸೇರಿತು ಅನ್ನುವಾಗ ಒಂದು ಬೆರಳಿನ ಸಂದು ಬಿಟ್ಟು ನಿಂತುಬಿಡುತ್ತಿತ್ತು. ಅಲ್ಲಾಡಿಸಿದ. ಎತ್ತಿ ಮತ್ತೆ ಇಳಿಸಿದ. ಗೇರ್ ಹಾಕಿ ಹಿಂದಿನ ಚಕ್ರ ತಿರುಗಿಸಿದ. ಬೇಡಿಕೊಂಡ, ಬೈದ. ಬೆರಳಿನ ಸಂದು ಬೆರಳಿನ ಸಂದೇ.

ಅವನದು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡವರಿಗೇ ಹೇಳಿ ಮಾಡಿಸಿದ್ದು. ಬಾಗಿಲಲ್ಲಿ ನಿಂತು, ತಲೆಯೆತ್ತಿ ಅಂಕಿ ನೋಡಿ, ಕೊಟ್ಟ ನೀರನ್ನು ಅರ್ಧ ಕುಡಿದು ಮುಂದಿನ ಮನೆಗೆ ಹೋಗಿಬಿಡುತ್ತಿದ್ದ. ಬೀದಿಯವರು ಅವನನ್ನು ಪಾದರಸ ಅನ್ನುತ್ತಿದ್ದರು. ರಜೆಯ ದಿನ ಅವನಿಗೆ ಜ್ವರ ಬಂದ ಹಾಗಾಗುತ್ತಿತ್ತು. ಗೋಡೆ ಗಡಿಯಾರ ಬಿಚ್ಚಿದ್ದಾಯಿತು, ನೀರಿನ ಪಂಪು ಬಿಚ್ಚಿದ್ದಾಯಿತು, ಅತ್ತೆಯ ಹೊಲಿಗೆಯಂತ್ರ ಬಿಚ್ಚಿ ಮುಚ್ಚಿದ ಮೇಲೆ ಅದು ಹಿಂದಕ್ಕೆ ಮಾತ್ರ ಹೊಲಿಯಲು ಶುರುಮಾಡಿತು. ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡ ಅನ್ನುವ ಗಾದೆ ಆ ಮನೆಯಲ್ಲಿ ಗಾದೆಯಾಗಿ ಉಳಿದಿರಲಿಲ್ಲ, ಅವನ ಇನ್ನೊಂದು ಹೆಸರಾಗಿತ್ತು.

ಜೀಪು ಹೊಗೆ ಕಾರುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಅದು ನಿಜ. ಆದರೆ ಓಡುತ್ತಿತ್ತು. "ನಾನು ಮಾಡ್ತಿರೋ ಬಾಗಿಲು ಕೆಳಗೆ ಗ್ರಂಥಾಲಯಕ್ಕೆ ಹೋಗೋವರೆಗೂ ಅದನ್ನ ಮುಟ್ಟಬೇಡಿ" ಎಂದು ಹೆಂಡತಿ ಹೇಳಿದ್ದಳು. "ಅಯ್ಯೋ, ಒಂದು ವಾರದ ಕೆಲಸ ಕಣೇ, ಬಾಗಿಲು ಮುಗಿಯೋದ್ರೊಳಗೆ ಹೊಸ ಗಾಡಿ ಆಗಿರುತ್ತೆ" ಎಂದು ಇವನು ಅಂದಿದ್ದ. ಅವಳು ಕೆಲಸದ ಮೇಲೆ ಬಗ್ಗಿದ್ದಾಗ ಬೋನೆಟ್ ಕಳಚಿ ಗೋಡೆಗೆ ಒರಗಿಸಿಯೂ ಆಗಿತ್ತು.

ಅವಳು ಬಡಗಿ. ಇಷ್ಟು ದಿನ ಬೇರೆಯವರ ಕೈಕೆಳಗೆ ಕಿಟಕಿ ಚೌಕಟ್ಟು, ಕಪಾಟಿನ ಹಲಗೆ, ಹೆಸರಿಲ್ಲದ ಕೆಲಸ. ಇಳಿಜಾರಿನ ಬುಡದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಗ್ರಂಥಾಲಯದ ಮುಂಬಾಗಿಲು ಅವಳು ಸ್ವಂತ ಯೋಚಿಸಿ ಮಾಡಿದ ಮೊದಲನೆಯದು. ಎರಡು ರೆಕ್ಕೆಯ ಕದ, ಗಟ್ಟಿ ಮರ. ಹಿಡಿಕೆ ಮಾತ್ರ ಎರಡು ಎತ್ತರದಲ್ಲಿತ್ತು: ಒಂದು ಎಲ್ಲರಿಗೂ, ಇನ್ನೊಂದು ಕೆಳಗೆ, ಮಕ್ಕಳ ಕೈಗೆ ಎಟುಕುವ ಹಾಗೆ. ಕಟ್ಟಡದ ಮೇಸ್ತ್ರಿ ಅದನ್ನು ನೋಡಿ, "ಇದೇನಮ್ಮ, ಬೆಕ್ಕಿಗಾ?" ಎಂದಿದ್ದ. ಅವನಿಗೆ ಮೊದಲಿನಿಂದಲೂ ಕಬ್ಬಿಣದ ಷಟರ್ ಹಾಕಿಸುವ ಮನಸ್ಸು. ಕೊನೆಗೆ ಒಂದು ಮಾತಿಗೆ ಒಪ್ಪಿದ್ದ: ಇವತ್ತು ಮಧ್ಯಾಹ್ನದ ಊಟದೊಳಗೆ ಬಾಗಿಲು ಬಂದರೆ ಬಾಗಿಲು, ಇಲ್ಲದಿದ್ದರೆ ಊಟ ಮುಗಿಸಿ ಷಟರ್‌ನವರು ಕೆಲಸ ಶುರುಮಾಡುತ್ತಾರೆ.

ಈಗ ಬೆಳಿಗ್ಗೆ ತಿಂಡಿಯ ಹೊತ್ತು ಕಳೆದಿತ್ತು. ಬಾಗಿಲು ಅವಳ ಕೆಲಸದ ಕೋಣೆಯಲ್ಲಿ ಹಳೆಯ ಹೊದಿಕೆ ಸುತ್ತಿಕೊಂಡು ಸಿದ್ಧವಾಗಿ ಮಲಗಿತ್ತು. ಜೀಪು ಮೂಗೆತ್ತಿ ನಿಂತಿತ್ತು.

"ಭಾವ, ಒಂದು ಮಾತು ಹೇಳ್ಲಾ?" ಎಂದ ಭಾಮೈದ. ಅವನು ಹೆಂಡತಿಯ ತಮ್ಮ, ಕೆಳಗಿನ ಪೇಟೆಯಲ್ಲಿ ಸಲೂನ್ ಇಟ್ಟವನು. ಬೆರಳಿಗೆ ಪೆಟ್ಟಾದರೆ ಕತ್ತರಿ ಹಿಡಿಯಲಾಗುವುದಿಲ್ಲವೆಂದು ಎರಡು ಕೈಗೂ ಬಟ್ಟೆ ಸುತ್ತಿಕೊಂಡು ಸಹಾಯಕ್ಕೆ ನಿಂತಿದ್ದ.

"ಹೇಳಬೇಡ."

"ಬೋಲ್ಟ್ ಹಾಕಿ ಬಿಗಿದುಬಿಡಿ ಭಾವ. ಬಿಗಿದ್ರೆ ತಾನಾಗೇ ಒಳಗೆ ಹೋಗುತ್ತೆ. ಗಿರಾಕಿ ತಲೆ ಬಗ್ಗಿಸ್ಲಿಲ್ಲ ಅಂದ್ರೆ ನಾನೇ ಹಿಂದಿಂದ ಒತ್ತಲ್ವಾ?"

"ಗಿರಾಕಿ ತಲೆ ಒಡೆದುಹೋದ್ರೆ?"

"ಕೂದಲಿನ ಕೆಲಸ ಮುಗೀತು ಅಂತ ಕಳಿಸ್ತೀನಿ."

ಬೇಡವೆಂದು ಗೊತ್ತಿತ್ತು. ಬಿಗಿದರೆ ಎರಕದ ಕವಚ ಪಟ್ಟನೆ ಸೀಳಬಹುದು, ಆಮೇಲೆ ಜೀಪಿಗೆ ಇಂಜಿನ್ನೂ ಇಲ್ಲ, ಗೇರ್‌ಬಾಕ್ಸೂ ಇಲ್ಲ. ಗೊತ್ತಿದ್ದೂ ಅವನ ಕೈ ಉದ್ದನೆಯ ಬೋಲ್ಟೊಂದನ್ನು ತೂತಿಗೆ ತೂರಿಸಿ, ಸ್ಪ್ಯಾನರ್ ಕೂರಿಸಿ, ಒಂದು ಸುತ್ತು ತಿರುಗಿಸಿತ್ತು. ಇನ್ನೊಂದು ಸುತ್ತು. ಕಬ್ಬಿಣ ಸಣ್ಣಗೆ ಮುಲುಗಿತು. ಕೈ ನಿಲ್ಲಲಿಲ್ಲ. ಅವನ ಕೈಗಳು ಯಾವತ್ತೂ ಹಾಗೆಯೇ, ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಏನಾದರೂ ಮಾಡಿ, ಆಮೇಲೆ ತಿರುಗಿ ಅವನ ಮುಖ ನೋಡುತ್ತಿದ್ದವು.

"ರೀ."

ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಮೈತುಂಬ ಮರದ ಪುಡಿ. ಅವಳ ಕೈಯಲ್ಲಿ ಎಣ್ಣೆ ಹತ್ತಿ ಕಪ್ಪಾದ ಮರದ ಗೂಟವಿತ್ತು. ಕ್ಲಚ್ ಪ್ಲೇಟನ್ನು ಬಿಗಿಯುವಾಗ ಅದು ನಟ್ಟನಡುವೆ ಕೂರಬೇಕೆಂದು ಅವಳೇ ಲೇಥಿನಲ್ಲಿ ಕಡೆದುಕೊಟ್ಟದ್ದು. ಪ್ಲೇಟಿನ ನಡುವಿನಿಂದ ತೂರಿ ಅದರ ಸಣ್ಣ ತುದಿ ಇಂಜಿನ್ನಿನ ಹಿಂಬದಿಯ ತೂತಿನಲ್ಲಿ ನಿಲ್ಲಬೇಕು. ಪ್ಲೇಟು ಬಿಗಿದ ಮೇಲೆ ಗೂಟ ಎಳೆದು ತೆಗೆಯಬೇಕು, ಅದು ಇದ್ದ ದಾರಿಯಲ್ಲೇ ಆಮೇಲೆ ಗೇರ್‌ಬಾಕ್ಸಿನ ದಂಡ ಒಳಹೋಗುತ್ತದೆ.

"ಬಾಗಿಲ ಹಿಂಜು ಕೂರೋ ಗುಳಿ ಸರಿಯಾಗಿದ್ಯಾ ಒತ್ತಿ ನೋಡೋಣ ಅಂತ ಸಾಮಾನಿನ ರಾಶೀಲಿ ಗೂಟ ಹುಡುಕ್ತಿದ್ದೆ, ಇದು ಸಿಕ್ಕಿತು" ಎಂದಳು. "ಇದರ ಮೂತಿ ಎಲ್ಲಿ?"

"ಯಾವ ಮೂತಿ?"

"ತುದೀಲಿ ಸಣ್ಣದಾಗಿ ಕಡೆದಿದ್ದೆ ನೋಡಿ. ಬೆರಳು ದಪ್ಪ, ಬೆರಳುದ್ದ."

ಅವನು ಗೂಟದ ತುದಿ ನೋಡಿದ. ಎಣ್ಣೆಯ ಅಡಿಯಲ್ಲಿ, ಮುರಿದ ಮರದ ನಾರು ಹಸಿಯಾಗಿ ಎದ್ದಿತ್ತು. ಎಳೆಯುವಾಗ ಅದು ಬಿಗಿಯಾಗಿತ್ತು, ತಾಳ್ಮೆಯಿಲ್ಲದೆ ಹಲ್ಲು ಕೀಳುವವನ ಹಾಗೆ ಅತ್ತಿತ್ತ ಜಗ್ಗಿದ್ದ, 'ಟಕ್' ಎಂದಿತ್ತು. ತನ್ನ ಬೆರಳ ಗೆಣ್ಣು ಅಂದುಕೊಂಡು ಗೂಟವನ್ನು ಹಿಂದೆ ಎಸೆದು ಮುಂದಿನ ಬೋಲ್ಟಿಗೆ ಹೋಗಿದ್ದ. ಎಲ್ಲದರಲ್ಲೂ ಮುಂದಿನದಕ್ಕೆ ಹೋಗಿಬಿಡುವುದು.

ಸ್ಪ್ಯಾನರ್ ಅವನ ಕೈಯಿಂದ ಜಾರಿ ನೆಲದ ಮೇಲೆ ಬಿತ್ತು. ಒಳಗಿನಿಂದ ಅತ್ತೆ, "ಕೂತ್ಕೊಂತಾ?" ಎಂದರು.

"ಅಮ್ಮ, ಸುಮ್ನಿರು" ಎಂದಳು ಹೆಂಡತಿ. ಅವಳ ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಈಗ ಕ್ಲಚ್ ಬಿಚ್ಚಿ, ಇಂಜಿನ್ನಿನ ತೂತಲ್ಲಿ ಸಿಕ್ಕಿರೋ ತುಂಡು ತೆಗೆದು, ಜೋಡಿಸಿ, ರೇಡಿಯೇಟರ್ ಕೂರಿಸಿ, ವೈರು, ಪೈಪು, ಆಯಿಲು... ಎಷ್ಟು ಹೊತ್ತು? ನಿಜ ಹೇಳಿ."

"ಬೇಗ ಬೇಗ ಮಾಡಿದ್ರೆ..."

"ನಿಜ ಅಂದೆ."

"ನಾಳೆ."

ಅವಳು ಗೂಟವನ್ನು ಕಿಸೆಗೆ ಹಾಕಿಕೊಂಡಳು. ಅವನು ಆಗಲೇ ಶೆಡ್ಡಿನಲ್ಲಿ ಗೋಡೆಯಿಂದ ಗೋಡೆಗೆ ನಡೆಯತೊಡಗಿದ್ದ, ಬಾಯಿ ಅದಕ್ಕೂ ಮುಂದೆ ಓಡುತ್ತಿತ್ತು. ಕಲ್ಲುಕ್ವಾರಿಯ ಟ್ರಾಕ್ಟರ್ ಕೇಳೋಣ. ಅದು ಸಂಜೆಗೆ ಮೊದಲು ಬಿಡುವಿಲ್ಲ. ಕೆಳಗಿನಿಂದ ಟೆಂಪೋ ಕರೆಸೋಣ. ಈ ಏರನ್ನು ಟೆಂಪೋ ಹತ್ತಿದ್ದು ಯಾರೂ ಕಂಡಿಲ್ಲ, ಹಾಲಿನ ಆಟೋ ಒಮ್ಮೆ ಹತ್ತಲು ಹೋಗಿ ಅಂಗಾತ ಬಿದ್ದು ಬೀದಿಗೆಲ್ಲ ಹಾಲು ಕುಡಿಸಿತ್ತು. ಹೊತ್ತುಕೊಂಡೇ ಹೋಗೋಣ. ಒಂದೊಂದು ರೆಕ್ಕೆಗೂ ಕಟ್ಟುಮಸ್ತಾದ ಆರು ಜನ ಬೇಕು, ಬೀದಿಯಲ್ಲಿ ಈ ಹೊತ್ತಿಗೆ ಉಳಿದಿರುವುದು ಬಿಸಿಲು ಕಾಯಿಸುವ ಮುದುಕರು.

"ಒಂದು ನಿಮಿಷ ನಿಂತ್ಕೊಳ್ರೀ, ತಲೆ ತಿರುಗುತ್ತೆ" ಎಂದಳು ಅವಳು. ಅವಳು ಜೀಪನ್ನು ನೋಡುತ್ತಿದ್ದಳು, ಹಲಗೆ ನೋಡುವ ಹಾಗೆ, ಒಂದು ಕಣ್ಣು ಸಣ್ಣ ಮಾಡಿ. "ಬ್ರೇಕು ಹಿಡಿಯುತ್ತಾ?"

"ಇಂಜಿನ್ ಇಲ್ದೆ ಬ್ರೇಕ್ ಯಾಕೆ?"

"ಹಿಡಿಯುತ್ತಾ ಇಲ್ವಾ?"

"ಹಿಡಿಯುತ್ತೆ. ಹಳೇ ಗಾಡಿ, ಬ್ರೇಕಿಗೂ ಇಂಜಿನ್ನಿಗೂ ಸಂಬಂಧ ಇಲ್ಲ. ಹೋದ ತಿಂಗಳು ನಾನೇ..."

"ನೀವೇ ಅಂತ ಹೇಳಬೇಡಿ, ಭಯ ಆಗುತ್ತೆ. ಸ್ಟೇರಿಂಗು?"

"ಅದೂ ಅಷ್ಟೇ. ತೋಳಿನ ಬಲ."

"ಇಲ್ಲಿಂದ ಗ್ರಂಥಾಲಯದವರೆಗೂ ಇಳಿಜಾರೇ ಅಲ್ವಾ" ಎಂದಳು.

ಭಾಮೈದ ಕೈಗೆ ಸುತ್ತಿದ ಬಟ್ಟೆ ಬಿಚ್ಚತೊಡಗಿದ. "ಅಕ್ಕಾ, ನನಗೆ ಅಂಗಡಿ ತೆಗೆಯೋ ಹೊತ್ತಾಯ್ತು."

"ನಿಂತ್ಕೊ ಅಲ್ಲೇ."

ಅಲ್ಲಿಂದಾಚೆ ಅವಳೇ ಮೇಸ್ತ್ರಿ. ಮೊದಲು ಇವನ ಕೈಯಿಂದಲೇ ಆ ಬೋಲ್ಟು ಬಿಚ್ಚಿಸಿ, ಇಂಜಿನ್ನನ್ನು ತೊಲೆಯ ಅಂಚಿನವರೆಗೆ ಎತ್ತಿಸಿದಳು. ಅದನ್ನೇ ಮೂತಿಗೆ ಭಾರವಾಗಿ ಇಟ್ಟುಕೊಳ್ಳೋಣ ಎಂದ ಇವನು. ಬೋಲ್ಟಿಲ್ಲದ ಇಂಜಿನ್ ಇಳಿಜಾರಲ್ಲಿ ಜಾರಿದರೆ ಅದು ಒಂದು ಕಡೆ, ನಾವು ಒಂದು ಕಡೆ ಎಂದಳು. ಗೇರ್‌ಬಾಕ್ಸಿಗೆ ಆಸರೆಯಾಗಿ ಕೆಳಗಿದ್ದ ಜಾಕಿ ತೆಗೆಯದೆ ಗಾಡಿ ಉರುಳುವಂತಿರಲಿಲ್ಲ, ಅದಕ್ಕೆ ಬದಲು ಚಾಸಿಯ ಚೌಕಟ್ಟಿಗೆ ಅಡ್ಡಲಾಗಿ ಮರದ ತುಂಡೊಂದನ್ನು ಅಳತೆಗೆ ಕೊಯ್ದು ತೂರಿಸಿ, ಸರಪಳಿಯಿಂದ ಬಿಗಿದಳು. ಗೇರು ನ್ಯೂಟ್ರಲ್. ಮೂವರೂ ಸೇರಿ ಜೀಪನ್ನು ಹಿಂದಕ್ಕೆ ಬೀದಿಗೆ ನೂಕಿ, ಮೂತಿಯನ್ನು ಇಳಿಜಾರಿನ ಕಡೆ ತಿರುಗಿಸಿ, ಚಕ್ರಕ್ಕೆ ಮರದ ತುಂಡಿನ ಅಡೆ ಕೊಟ್ಟರು. ಶೆಡ್ಡಿನಲ್ಲಿ ಇಂಜಿನ್ ಒಂದೇ ತೂಗುತ್ತ ಉಳಿಯಿತು.

ಬಾಗಿಲನ್ನು ಎತ್ತಿಡುವ ಬಗೆಯನ್ನೂ ಅವಳು ಯೋಚಿಸಿದ್ದಳು. ಕೆಲಸದ ಕೋಣೆಯ ಹೊಸ್ತಿಲಿಗೂ ಜೀಪಿನ ಹಿಂಬದಿಗೂ ಎರಡು ಉದ್ದ ಹಲಗೆ ಹಾಸಿ, ಕೆಳಗೆ ದುಂಡು ಕಂಬಗಳನ್ನು ಉರುಳಿಸುತ್ತ ಒಂದೊಂದೇ ರೆಕ್ಕೆ ಜಾರಿಸಿದರು. ಬಿಸಿಲು ಕಾಯುತ್ತಿದ್ದ ಮುದುಕರೂ ಎದ್ದು ಬಂದು ಕೈಗಿಂತ ಹೆಚ್ಚಾಗಿ ಬಾಯಿ ಕೊಟ್ಟರು. ಎರಡನೆಯ ರೆಕ್ಕೆ ಏರಿದ್ದೇ ಜೀಪಿನ ಹಿಂಭಾಗ ಕುಸಿದು, ಮೊದಲೇ ಎದ್ದಿದ್ದ ಮೂತಿ ಇನ್ನೂ ಎದ್ದು, ಮುಂದಿನ ಟೈರುಗಳು ನೆಲವನ್ನು ಸುಮ್ಮನೆ ಸವರುತ್ತಿದ್ದವು. ಅವಳು ಸ್ಟೇರಿಂಗ್ ತಿರುಗಿಸಿ ನೋಡಿದಳು. ಎಣ್ಣೆಯಲ್ಲಿ ಕೈಯಾಡಿಸಿದ ಹಾಗೆ ತಿರುಗಿತು.

"ಮುಂದೆ ಭಾರ ಬೇಕು."

ಮನೆ ಹಿಂದಿದ್ದ ಮರಳನ್ನು ಚೀಲಕ್ಕೆ ತುಂಬಿ, ಇಂಜಿನ್ ಇದ್ದ ಜಾಗದಲ್ಲಿ ಹಲಗೆ ಬಡಿದು ಅದರ ಮೇಲೆ ಇಟ್ಟರು. ಇದ್ದ ಚೀಲಗಳು ಮುಗಿದವು. ಅವಳು ಸ್ಟೇರಿಂಗ್ ತಿರುಗಿಸಿದಳು.

"ಸಾಲದು."

ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ತಿರುಗಿ ಅವನನ್ನು ನೋಡಿದರು.

"ನಾನಾ?" ಎಂದ ಅವನು. "ನಾನು ಪಕ್ಕದಲ್ಲಿ ಓಡ್ತೀನಿ, ಅಡೆ ಹಿಡ್ಕೊಂಡು. ಯಾರಾದ್ರೂ ಓಡಬೇಕಲ್ಲ?"

"ಅದಕ್ಕೆ ಅವನಿದ್ದಾನೆ. ನೀವು ಕೂತ್ಕೊಳ್ಳಿ."

"ಭಾವ, ನೀವಿದ್ದ ಮೇಲೆ ಗುಜರಿಯಿಂದ ಇಂಜಿನ್ ಯಾಕೆ ತಂದ್ರಿ?"

ಅವನು ಏರಿ, ಮರಳಿನ ಚೀಲಗಳ ಮೇಲೆ ಮೊಣಕಾಲು ಮಡಚಿ ಕೂತ. ಎರಡೂ ಬದಿ ಮಡ್‌ಗಾರ್ಡಿನ ತಗಡು, ಎದುರಿಗೆ ರೇಡಿಯೇಟರಿಲ್ಲದ ಖಾಲಿ ಜಾಲರಿ, ಬೆನ್ನಿಗೆ ಗಾಜು. ಗ್ರೀಸಿನ ಹಳೆಯ ವಾಸನೆ ಸುತ್ತಲಿಂದ ಎದ್ದಿತು. ಗಾಜಿನ ಹಿಂದೆ ಹೆಂಡತಿ, ಅವಳ ಪಕ್ಕದಲ್ಲಿ, ಯಾರು ಬೇಡವೆಂದರೂ ಕೇಳದೆ ಹತ್ತಿ ಕೂತ ಅತ್ತೆ. ಬೆನ್ನು ಬಾಗಿ ಬಾಗಿ ಅವರು ಎಷ್ಟು ಕುಳ್ಳಾಗಿದ್ದರೆಂದರೆ ಡ್ಯಾಶ್‌ಬೋರ್ಡಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

"ಅಲ್ಲಾಡಬೇಡಿ" ಎಂದಳು ಹೆಂಡತಿ, ತಲೆ ಹೊರಗೆ ಹಾಕಿ. "ಏನೇ ಆಗಲಿ, ನಾನು ಹೇಳೋವರೆಗೂ ಇಳೀಬೇಡಿ. ನೀವು ಎದ್ರೆ ಮೂತಿ ಏಳುತ್ತೆ, ಮೂತಿ ಎದ್ರೆ ಗಾಡಿ ನನ್ನ ಮಾತು ಕೇಳಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಅಡೆ ತೆಗಿಯೋ."

ಮೊದಲು ಏನೂ ಆಗಲಿಲ್ಲ. ಆಮೇಲೆ ಬೀದಿ ತಾನಾಗಿ ಹಿಂದಕ್ಕೆ ಜರುಗಿತು. ಸದ್ದೇ ಇರಲಿಲ್ಲ. ಈ ಜೀಪಿನಲ್ಲಿ ಕೂತು ಇನ್ನೊಬ್ಬರ ಮಾತು ಕೇಳಿದ್ದೇ ಅವನಿಗೆ ನೆನಪಿರಲಿಲ್ಲ, ಈಗ ಟೈರಿನ ಕೆಳಗೆ ಸಣ್ಣ ಕಲ್ಲು ಪುಟಿಯುವುದೂ ಕೇಳಿಸುತ್ತಿತ್ತು, ಭಾಮೈದನ ಚಪ್ಪಲಿಯ ಪಟಪಟವೂ, ಹಿಂದೆ ಹೊದಿಕೆಯೊಳಗೆ ಮರ ಮರಕ್ಕೆ ಒರಗುವ ಕಿರುಗುಟ್ಟೂ. ಮೊದಲ ತಿರುವಿನಲ್ಲಿ ಬ್ರೇಕು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಸಿದಳು. ಅವನ ಕಾಲಿನೊಳಗೆ ಇರುವೆಗಳೆದ್ದವು. ಎಡಗಾಲು ಚಾಚಿ ಮಡ್‌ಗಾರ್ಡಿಗೆ ಕೊಟ್ಟರೆ? ಸ್ವಲ್ಪ ಬಲಕ್ಕೆ ವಾಲಿದರೆ ತಿರುವಿಗೆ ಒಳ್ಳೆಯದಲ್ಲವೇ? ಚಕ್ರದ ಕಡೆಯಿಂದ ಅದೇನು ಟಿಕ್ ಟಿಕ್? ನಟ್ಟು ಸಡಿಲವಿರಬಹುದೇ, ನಿಲ್ಲಿಸಿ ಒಂದು ಸಲ...

ಗಾಜಿನ ಮೇಲೆ ಅತ್ತೆಯ ಬೆರಳು ಬಡಿಯಿತು. "ಇಂಜಿನ್ನು ಅಲ್ಲಾಡ್ತಿದೆ!"

ಅವನು ಕೈಗಳೆರಡನ್ನೂ ಮೊಣಕಾಲಿಗೆ ಸುತ್ತಿ, ಒಂದನ್ನೊಂದು ಹಿಡಿದುಕೊಂಡ. ಬೀದಿಯ ಮನೆಗಳು ದಾಟಿದವು, ಎಲ್ಲ ಅವನು ಮೀಟರ್ ಓದುವ ಮನೆಗಳೇ. ಜಗಲಿ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ಹಿಡಿದು ಹಾಗೆಯೇ ನಿಂತಳು. ಬಟ್ಟೆ ಇಸ್ತ್ರಿ ಮಾಡುವವನು ಕೂಗಿದ: "ಏನ್ ಪಾದರಸ, ಯಾವತ್ತು ಫಿಟ್ ಮಾಡಿದ್ರು ನಿನ್ನ?" ಈ ಮನೆಗಳನ್ನು ಇಷ್ಟು ದಿನ ಅವನು ತಲೆಯೆತ್ತಿ ಅಂಕಿಯಾಗಿ ಮಾತ್ರ ನೋಡಿದ್ದ. ಹಸಿರು ಬಣ್ಣದ ಬಾಗಿಲೊಂದು ಅರ್ಧ ತೆರೆದಿತ್ತು, ಒಳಗೆ ಯಾರೋ ಮಂಚದ ಅಂಚಿನಲ್ಲಿ ಕೂತು ಕಾಲಿನ ಉಗುರು ತೆಗೆಯುತ್ತಿದ್ದರು. ಇನ್ನೊಂದರ ಹಿಡಿಕೆ ಕಿತ್ತುಹೋಗಿ ಹಗ್ಗ ಕಟ್ಟಿದ್ದರು. ಅವನು ಬಾಗಿಲುಗಳನ್ನು ನೋಡುತ್ತ ಹೋದ.

ಕೊನೆಯ ತಿರುವು ಕಳೆದಾಗ ಗ್ರಂಥಾಲಯ ಕಾಣಿಸಿತು. ಅದರ ಮುಂದೆ ಮೇಸ್ತ್ರಿ. ಅವನ ಪಕ್ಕದಲ್ಲಿ, ಇಷ್ಟು ಬೇಗ ಬಂದು, ಸುರುಳಿ ಸುತ್ತಿದ ಕಬ್ಬಿಣದ ಷಟರಿನ ಮೇಲೆ ಇಬ್ಬರು ಕೂತು ಬೀಡಿ ಸೇದುತ್ತಿದ್ದರು. ಮತ್ತು ಆಗ, ನಡೆದು ಹೋಗುವವನಿಗೆ ಎಂದೂ ತಿಳಿಯದಿದ್ದ ಒಂದು ಸಂಗತಿ ಕೂತವನಿಗೆ ತಿಳಿಯಿತು: ಇಳಿಜಾರು ಗ್ರಂಥಾಲಯದವರೆಗೆ ಇರಲಿಲ್ಲ. ಮುಂಚೆಯೇ ಮುಗಿಯುತ್ತಿತ್ತು. ಕೊನೆಯ ತುಸು ದೂರ ರಸ್ತೆ ಮೆಲ್ಲಗೆ ಏರುತ್ತಿತ್ತು.

ಅವಳಿಗೂ ಕಂಡಿತ್ತು. ಬ್ರೇಕಿನಿಂದ ಕಾಲು ತೆಗೆದಳು. ಜೀಪು ಹಾರಿತು. ಗಾಳಿ ಜಾಲರಿಯಿಂದ ನುಗ್ಗಿ ಅವನ ಅಂಗಿ ಉಬ್ಬಿಸಿತು, ಭಾಮೈದ ಅಡೆಯ ತುಂಡು ಎತ್ತಿಕೊಂಡು "ಅಕ್ಕಾ! ಅಕ್ಕಾ!" ಎನ್ನುತ್ತ ಹಿಂದುಳಿದ. ಇಳಿಜಾರು ಮುಗಿಯಿತು. ಏರು ಶುರುವಾಯಿತು. ವೇಗ ಮಡಕೆಯ ತೂತಿನಿಂದ ನೀರು ಸೋರುವ ಹಾಗೆ ಸೋರತೊಡಗಿತು.

ಇಳಿದು ನೂಕಬೇಕು. ಮೈಯೆಲ್ಲ ಅದನ್ನೇ ಹೇಳುತ್ತಿತ್ತು. ಈಗ ಹಾರಿ, ಬದಿಗೆ ಓಡಿ, ಹೆಗಲು ಕೊಟ್ಟರೆ ತಲುಪುತ್ತದೆ. ಈಗ. ಈಗಲಾದರೂ. ಒಂದು ಕೈ ಮೊಣಕಾಲು ಬಿಟ್ಟು ಮಡ್‌ಗಾರ್ಡಿನ ಅಂಚು ಹಿಡಿಯಿತು. ರಸ್ತೆಯ ಎಡಕ್ಕೆ ಚರಂಡಿ ಬಾಯಿ ತೆರೆದಿತ್ತು, ಅವಳು ಬಲಕ್ಕೆ ಎಳೆಯುತ್ತಿದ್ದಳು, ಚಕ್ರ ಅವನ ಭಾರದ ಕೆಳಗೆ ನೆಲ ಕಚ್ಚಿ ಅಷ್ಟಷ್ಟೇ ಬಲಕ್ಕೆ ತಿರುಗುತ್ತಿತ್ತು. ಬೆನ್ನ ಹಿಂದಿನ ಗಾಜಿನಲ್ಲಿ ಅವಳ ದನಿ ಇರಲಿಲ್ಲ. ಏನಾದರೂ ಅಂದಿದ್ದರೆ ಬಹುಶಃ ಹಾರಿಬಿಡುತ್ತಿದ್ದ.

ಅವನು ಆ ಕೈಯನ್ನು ಎತ್ತಿ, ಅದು ಯಾರದೋ ಎಂಬಂತೆ, ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ.

ಜೀಪು ಇನ್ನೊಂದು ಉರುಳು ಉರುಳಿತು, ಚರಂಡಿಯ ಬಾಯಿ ತಪ್ಪಿಸಿ ದಾಟಿತು, ಮರಳಿನ ರಾಶಿಯ ಬದಿಯಲ್ಲಿ ಉಸಿರು ಬಿಟ್ಟ ಹಾಗೆ ನಿಂತಿತು. ಅವಳು ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಕೇಳಿತು. ಮೆಟ್ಟಿಲು ಇನ್ನೂ ನಾಲ್ಕು ಮಾರು ದೂರವಿತ್ತು.

ಮೇಸ್ತ್ರಿ ಹತ್ತಿರ ಬಂದು ಬೋನೆಟ್ಟಿಲ್ಲದ ಹೊಟ್ಟೆಯೊಳಗೆ ಬಗ್ಗಿ ನೋಡಿದ. ಇವನು ಅವನನ್ನು ನೋಡಿದ.

"ಇದೇನಪ್ಪಾ ಇದು?"

"ಬಾಗಿಲು ಬಂದಿದೆ" ಎಂದ ಇವನು. "ಊಟಕ್ಕೆ ಮುಂಚೆ."

ಮೇಸ್ತ್ರಿ ಒಮ್ಮೆ ಹಿಂದಿನ ಹೊದಿಕೆಯನ್ನು, ಒಮ್ಮೆ ಅವಳ ಮುಖವನ್ನು ನೋಡಿದ. ಆಮೇಲೆ ಷಟರ್‌ನವರ ಕಡೆ ತಿರುಗಿ, "ಎದ್ದೇಳ್ರೋ, ಬೀಡಿ ಬಿಸಾಕಿ ನೂಕ್ರೋ" ಎಂದ. ಅವರಿಬ್ಬರೂ, ಮೇಸ್ತ್ರಿಯೂ, ಏದುಸಿರು ಬಿಡುತ್ತ ಬಂದು ಸೇರಿದ ಭಾಮೈದನೂ ಜೀಪನ್ನು ಮೆಟ್ಟಿಲ ಕಡೆಗೆ ನೂಕತೊಡಗಿದರು. ಇವನು ಎದ್ದು ಇಳಿಯಲು ಕಾಲೆತ್ತಿದ.

"ಕೂತ್ಕೊಳ್ರೀ" ಎಂದಳು. ನೂಕಿದ್ದಷ್ಟೂ ದೂರ ಕೂತೇ ಹೋದ.

ಹೊತ್ತು ನೆತ್ತಿ ದಾಟಿದ ಮೇಲೆ ಎರಡೂ ರೆಕ್ಕೆ ಚೌಕಟ್ಟಿನಲ್ಲಿ ನಿಂತವು. ಅವಳು ಹಿಂಜಿನ ಕೊನೆಯ ಸ್ಕ್ರೂ ಬಿಗಿದು, ಕೈಯ ಹಿಂಬದಿಯಿಂದ ಒಂದನ್ನು ತಳ್ಳಿದಳು. ಸದ್ದಿಲ್ಲದೆ ಹೋಯಿತು, ಸದ್ದಿಲ್ಲದೆ ನಿಂತಿತು. ಷಟರ್‌ನವರು ತಮ್ಮ ಕಬ್ಬಿಣವನ್ನು ಮತ್ತೆ ಗಾಡಿಗೆ ಏರಿಸುತ್ತಿದ್ದರು. ಮೊದಲು ಒಳಗೆ ಹೋದವರು ಅತ್ತೆ. ಬಾಗಿದ ಬೆನ್ನಿನಲ್ಲಿ ಮೆಟ್ಟಿಲು ಹತ್ತಿ, ಮೇಲಿನ ಹಿಡಿಕೆಯನ್ನು ನೋಡಲೂ ಇಲ್ಲ, ಕೆಳಗಿನದನ್ನು ಹಿಡಿದು ಎಳೆದರು.

"ಬೆಕ್ಕಿಗಲ್ಲ ಮೇಸ್ತ್ರಿ, ನನಗೆ" ಎಂದರು, ತಿರುಗದೆ.

ಅವನು ಜೀಪಿನ ಹತ್ತಿರ ನಿಂತು ಕೈ ಹೊಸಕಿಕೊಳ್ಳುತ್ತಿದ್ದ. ಹೆಂಡತಿ ಬಂದು, ಕಿಸೆಯಿಂದ ಮುರಿದ ಗೂಟ ತೆಗೆದು ಅವನ ಕೈಗೆ ಕೊಟ್ಟಳು.

"ಒಳಗಿರೋ ತುಂಡಿಗೆ ಉದ್ದದ ಸ್ಕ್ರೂ ತಿರುಗಿಸಿ. ಮರ ಅಲ್ವಾ, ಕಚ್ಚುತ್ತೆ. ಆಮೇಲೆ ಸ್ಕ್ರೂ ಹಿಡಿದು ನೇರಕ್ಕೆ ಎಳೀರಿ. ಜಗ್ಗಬೇಡಿ."

"ಹೌದಲ್ವಾ! ಈಗಲೇ ಮೇಲೆ ಹತ್ತಿಹೋಗಿ..."

"ಟ್ರಾಕ್ಟರ್ ಸಂಜೆ ಬರುತ್ತೆ, ಎಳ್ಕೊಂಡು ಹೋಗುತ್ತೆ. ಕೆಲಸ ನಾಳೆ."

"ಅಲ್ಲಿವರೆಗೂ ಏನು ಮಾಡ್ಲಿ?"

ಅವಳು ಬಾಗಿಲ ಕಡೆ ನಡೆದಳು. ಭಾಮೈದ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿ ಅಂಗಾಲು ಒತ್ತಿಕೊಳ್ಳುತ್ತಿದ್ದ. "ಅಕ್ಕಾ, ಈ ಇಂಜಿನ್ನೇ ಇಟ್ಕೊ. ಹೊಗೆ ಬಿಡಲ್ಲ, ಆಯಿಲ್ ಕುಡಿಯಲ್ಲ."

"ಸದ್ದು ಜಾಸ್ತಿ" ಎಂದಳು ಅವಳು, ನಿಲ್ಲದೆ.

ಅವನು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಜೀಪಿನ ಮೂತಿ ಮತ್ತೆ ಎದ್ದಿತ್ತು. ಮಡ್‌ಗಾರ್ಡ್ ಹಿಡಿದು ಹತ್ತಿ, ಮರಳಿನ ಚೀಲಗಳ ಮೇಲೆ, ಇಂಜಿನ್ ಇದ್ದ ಜಾಗದಲ್ಲಿ ಕೂತ. ಮೂತಿ ಅಷ್ಟು ಕೆಳಗಿಳಿಯಿತು. ಅಲ್ಲಿಂದ ಬಾಗಿಲು ನೇರವಾಗಿ ಕಾಣುತ್ತಿತ್ತು. ಯಾರೋ ಒಳಗೆ ಹೋದರು, ಯಾರೋ ಹೊರಗೆ ಬಂದರು. ಅವನ ಬಲಗಾಲು ಅಲುಗತೊಡಗಿತು. ಅದರ ಮೇಲೆ ಗೂಟವನ್ನು ಇಟ್ಟ. ಗೂಟವೂ ಅಲುಗಿತು.